ಔಷಧಿ ಬರೆಯುವಲ್ಲಿನ ತಪ್ಪು ವಾರ್ಡಿನಲ್ಲೇ ಹಿಡಿಯುವುದು ಹೇಗೆ? ಉತ್ತರ ಕನ್ನಡದ ಆಸ್ಪತ್ರೆ ಫಾರ್ಮಸಿಸ್ಟ್‌ಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಡಾಕ್ಟರು ಔಷಧಿ ಬರೆಯುವಾಗ ತಪ್ಪಾಗುವುದು ಅಪರೂಪವೇನಲ್ಲ. ಇಂಗ್ಲೆಂಡಿನ ವಾಯವ್ಯ ಭಾಗದ 19 ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದ ವರದಿ 2009ರಲ್ಲಿ ಹೊರಬಂತು. ಅಲ್ಲಿ 1,24,260 ಔಷಧಿ ಆದೇಶಗಳನ್ನು ಪರೀಕ್ಷಿಸಿದ್ದರು. ಶೇ. 8.9ರಲ್ಲಿ ಏನಾದರೊಂದು ತಪ್ಪು ಇತ್ತು. ಹೊಸ ಹುಡುಗರು ಬರೆದದ್ದರಲ್ಲಿ ಮಾತ್ರ ಅಂದುಕೊಳ್ಳಬೇಡಿ. ಹಿರಿಯ ಕನ್ಸಲ್ಟೆಂಟ್‌ಗಳು ಬರೆದದ್ದರಲ್ಲೂ ಶೇ. 5.9 ತಪ್ಪು. ಇವನ್ನೆಲ್ಲ ಹುಡುಕಿ ಬರೆದಿಟ್ಟವರು ವಾರ್ಡಿನ ಫಾರ್ಮಸಿಸ್ಟ್‌ಗಳು. ಹೆಚ್ಚಿನವು ರೋಗಿಗೆ ತಲುಪುವ ಮೊದಲೇ ಸರಿಯಾದವು.

ಇನ್ನೊಂದು ಲೆಕ್ಕ ನೋಡಿ. ಬಾಸ್ಟನ್ನಿನ ಒಂದು ಐಸಿಯುದಲ್ಲಿ ಬೆಳಗಿನ ರೌಂಡ್ಸ್‌ಗೆ ಫಾರ್ಮಸಿಸ್ಟ್ ಒಬ್ಬರನ್ನು ಸೇರಿಸಿಕೊಂಡರು. ಔಷಧಿ ಬರೆಯುವ ಹಂತದ ತಪ್ಪಿನಿಂದ ಆಗುತ್ತಿದ್ದ, ತಡೆಯಬಹುದಾಗಿದ್ದ ತೊಂದರೆಗಳು ಶೇ. 66ರಷ್ಟು ಇಳಿದವು. ಸಾವಿರ ರೋಗಿ-ದಿನಗಳಿಗೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) 10.4 ಇದ್ದದ್ದು 3.5ಕ್ಕೆ ಬಂತು. 1999ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊಸ ಯಂತ್ರ ಬರಲಿಲ್ಲ, ಸಾಫ್ಟ್‌ವೇರ್ ಬರಲಿಲ್ಲ. ಫಾರ್ಮಸಿಸ್ಟ್ ಕುಳಿತ ಜಾಗದಿಂದ ಎದ್ದು ಹೋದರು, ಅಷ್ಟೇ.

ನಮ್ಮ ಕಡೆ ಫಾರ್ಮಸಿಸ್ಟ್ ಅಂದರೆ ಕಿಟಕಿಯ ಒಳಗೆ ಕೂತವರು. ಕಿಟಕಿಯಿಂದ ಕಾಣುವುದು ಔಷಧಿಯ ಹೆಸರು, ಪ್ರಮಾಣ, ಎಷ್ಟು ದಿನಕ್ಕೆ ಎಂಬುದು. ರೋಗಿಯ ತೂಕ ಕಾಣುವುದಿಲ್ಲ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಕಾಣುವುದಿಲ್ಲ. ಮಂಚದ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಏನಿದೆ ಅನ್ನುವುದಂತೂ ಕಾಣುವುದೇ ಇಲ್ಲ. ದೊಡ್ಡ ತಪ್ಪುಗಳು ಇರುವುದು ಅಲ್ಲೇ. ಕಾರವಾರ, ಕುಮಟಾ, ಶಿರಸಿಯಂಥ ಊರುಗಳ ಆಸ್ಪತ್ರೆಯಲ್ಲಿ, ಒಬ್ಬಿಬ್ಬರೇ ಫಾರ್ಮಸಿಸ್ಟ್ ಇರುವ ಕಡೆ, ಈ ಕೆಲಸ ಹೇಗೆ ಶುರು ಮಾಡುವುದು ಅಂತ ಮುಂದೆ ಹೇಳಿದ್ದೇನೆ.

ಹಂತ 1: ಒಂದು ವಾರ್ಡ್, ಒಂದು ಹೊತ್ತು

ಇಡೀ ಆಸ್ಪತ್ರೆಯನ್ನು ಒಮ್ಮೆಲೇ ಹಿಡಿಯಲು ಹೋಗಬೇಡಿ. ಮೆಡಿಸಿನ್ ವಾರ್ಡ್ ಒಂದನ್ನು ತೆಗೆದುಕೊಳ್ಳಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕಿಡ್ನಿ ತೊಂದರೆಯವರು ಜಾಸ್ತಿ ಇರುವುದು ಅಲ್ಲೇ. ರೌಂಡ್ಸ್ ಮುಗಿದು ಸಿಸ್ಟರ್ ಇಂಡೆಂಟ್ (ಫಾರ್ಮಸಿಗೆ ಔಷಧಿ ಬೇಡಿಕೆಯ ಚೀಟಿ) ಕಳಿಸುವ ಮೊದಲಿನ ಹೊತ್ತು ಒಳ್ಳೆಯದು. ಆಗ ಆದೇಶ ಬರೆದಾಗಿರುತ್ತದೆ, ಔಷಧಿ ಇನ್ನೂ ರೋಗಿಗೆ ಹೋಗಿರುವುದಿಲ್ಲ.

ಮೊದಲು ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತಾಡಿ. ಅವರ ಒಪ್ಪಿಗೆ ಇಲ್ಲದೆ ಯಾವ ವಾರ್ಡಿನಲ್ಲೂ ಏನೂ ನಡೆಯುವುದಿಲ್ಲ. ಇದನ್ನು ಯಾವ ಪಠ್ಯದಲ್ಲೂ ಬರೆಯುವುದಿಲ್ಲ, ಆದರೆ ಇದು ಅರ್ಧ ಕೆಲಸ.

ಹಂತ 2: ಮನೆಯ ಔಷಧಿಗಳ ಪಟ್ಟಿ

ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯಲ್ಲಿ ಮುಖ್ಯ ಇದೇ. ಬೇರೆ ಯಾವುದಕ್ಕೂ ಸಮಯ ಇಲ್ಲದಿದ್ದರೆ ಇದೊಂದನ್ನೇ ಮಾಡಿ.

ನಮ್ಮ ಜಿಲ್ಲೆಯ ರೋಗಿಗಳು ದೊಡ್ಡ ಕಾಯಿಲೆಗೆ ನಾಲ್ಕು ದಿಕ್ಕಿಗೆ ಹೋಗುತ್ತಾರೆ. ಭಟ್ಕಳ, ಹೊನ್ನಾವರ, ಕುಮಟಾದವರು ಮಣಿಪಾಲ, ಮಂಗಳೂರಿಗೆ. ಕಾರವಾರದವರು ಗೋವಾಕ್ಕೆ. ಯಲ್ಲಾಪುರ, ಹಳಿಯಾಳದವರು ಹುಬ್ಬಳ್ಳಿ, ಧಾರವಾಡಕ್ಕೆ. ಶಿರಸಿ, ಸಿದ್ದಾಪುರದವರು ಕೆಲವರು ಹುಬ್ಬಳ್ಳಿಗೆ, ಕೆಲವರು ಶಿವಮೊಗ್ಗಕ್ಕೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದದ್ದು ಸುಮ್ನೆ ಅಲ್ಲ. ಒಂದೊಂದು ಊರಿನ ಡಾಕ್ಟರು ಒಂದೊಂದು ಬ್ರ್ಯಾಂಡ್ ಬರೆಯುತ್ತಾರೆ. ಮನೆಗೆ ಬಂದ ಮೇಲೆ ಇಲ್ಲಿಯ ಅಂಗಡಿಯಲ್ಲಿ ಆ ಬ್ರ್ಯಾಂಡ್ ಸಿಗುವುದಿಲ್ಲ, ಇನ್ನೊಂದು ಕೊಡುತ್ತಾರೆ. ಜನೌಷಧಿ ಕೇಂದ್ರದಿಂದ ಜೆನೆರಿಕ್ ಬರುತ್ತದೆ. ಹಳೆಯದು ಮುಗಿದಿರುವುದಿಲ್ಲ, ಹೊಸದು ಶುರುವಾಗಿರುತ್ತದೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತಲ್ಲ, ಅಂಥ ಹೊತ್ತಿನಲ್ಲಿ ತಪಾಸಣೆಯೂ ಮುಂದೆ ಹೋಗುತ್ತದೆ, ಗುಳಿಗೆಯೂ ಬದಲಾಗುತ್ತದೆ.

ಹೃದಯಾಘಾತ ಆಗಿ ಬಂದವರೊಬ್ಬರ ಚೀಲದಲ್ಲಿ ಇಕೋಸ್ಪ್ರಿನ್ ಎವಿ, ಕ್ಲೋಪಿಟ್ಯಾಬ್ ಎ, ಜೊತೆಗೆ ಬೇರೆಯಾಗಿ ಅಟೊರ್ವಾಸ್ಟಾಟಿನ್ ಇದೆ ಅಂದುಕೊಳ್ಳಿ. ಮೂರು ಹೆಸರು, ಮೂರು ಸ್ಟ್ರಿಪ್. ಒಳಗೆ ನೋಡಿದರೆ ಆಸ್ಪಿರಿನ್ ಎರಡು ಸಲ, ಅಟೊರ್ವಾಸ್ಟಾಟಿನ್ ಎರಡು ಸಲ. ಡ್ಯೂಟಿ ಡಾಕ್ಟರು ರಾತ್ರಿ ಹೊತ್ತು ಚೀಟಿ ನೋಡಿ ಮೂರನ್ನೂ ಹಾಗೇ ಡ್ರಗ್ ಚಾರ್ಟಿಗೆ ಇಳಿಸುತ್ತಾರೆ. ಇದನ್ನು ಹಿಡಿಯಬೇಕಾದವರು ನೀವು.

ಪಟ್ಟಿ ಮಾಡುವ ಕ್ರಮ ಹೀಗಿರಲಿ.

ರೋಗಿ ದಾಖಲಾದ 24 ಗಂಟೆಯೊಳಗೆ ಮಂಚದ ಹತ್ತಿರ ಹೋಗಿ. "ಯಾವುದಾದರೂ ಔಷಧಿ ತಗೊಳ್ತೀರಾ?" ಅಂತ ಕೇಳಿದರೆ "ಇಲ್ಲ" ಅನ್ನುವವರೇ ಜಾಸ್ತಿ. ವರ್ಷಗಟ್ಟಲೆ ತೆಗೆದುಕೊಳ್ಳುವ ಬಿಪಿ ಗುಳಿಗೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಬದಲಿಗೆ ದಿನದ ಲೆಕ್ಕ ಕೇಳಿ. "ಅಮ್ಮಾ, ಬೆಳಿಗ್ಗೆ ಚಾ ಕುಡಿಯೋ ಮೊದಲು ಏನಾದರೂ ಗುಳಿಗೆ ಇದೆಯಾ? ತಿಂಡಿ ಆದ ಮೇಲೆ? ರಾತ್ರಿ ಮಲಗುವಾಗ?" ಆಮೇಲೆ ಒಂದೊಂದೇ: ಕಣ್ಣಿಗೆ ಹಾಕುವ ಹನಿ, ಉಸಿರಿಗೆ ಎಳೆಯುವ ಇನ್‌ಹೇಲರ್, ಇನ್ಸುಲಿನ್, ವಾರಕ್ಕೊಮ್ಮೆ ನುಂಗುವ ಗುಳಿಗೆ, ಅಂಗಡಿಯಿಂದ ತಾವೇ ತಂದ ನೋವಿನ ಗುಳಿಗೆ.

ನಾಟಿ ಔಷಧಿಯನ್ನೂ ಕೇಳಿ. ಬೈಯುವ ಧ್ವನಿಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ಪಾರ್ಶ್ವವಾಯುವಿಗೆ ನಾಟಿ ಔಷಧಿ ಕೊಡುವ ಅಂಕೋಲಾ ಹತ್ತಿರದ ಬೆಳಂಬಾರಕ್ಕೆ ಹೋಗಿ ಬಂದವರು ನಮ್ಮಲ್ಲಿ ಕಡಿಮೆ ಏನಿಲ್ಲ. ಅಂಥವರಿಗೆ ಕೇಳಬೇಕಾದದ್ದು, "ಅದನ್ನು ತಗೊಳ್ಳೋವಾಗ ಆಸ್ಪತ್ರೆ ಗುಳಿಗೆ ನಿಲ್ಲಿಸಿದ್ರಾ, ಮುಂದುವರಿಸಿದ್ರಾ?" ಬಿಪಿಯ ಗುಳಿಗೆ ನಿಂತಿದೆಯೋ ಇಲ್ಲವೋ ಅನ್ನುವುದರ ಮೇಲೆ ಇವತ್ತು ಬರೆದ ಡೋಸ್ ಸರಿಯೋ ತಪ್ಪೋ ನಿಂತಿರುತ್ತದೆ.

ಒಂದೇ ಮೂಲವನ್ನು ನಂಬಬೇಡಿ. ರೋಗಿಯ ಮಾತು, ಚೀಲದ ಸ್ಟ್ರಿಪ್‌ಗಳು, ಹಳೆಯ ಡಿಸ್ಚಾರ್ಜ್ ಸಮ್ಮರಿ, ಇವುಗಳಲ್ಲಿ ಎರಡಾದರೂ ತಾಳೆ ಆಗಬೇಕು. ಚೀಲ ತಂದಿಲ್ಲದಿದ್ದರೆ ಮನೆಯಲ್ಲಿರುವ ಮಗನಿಗೆ ಫೋನ್ ಹಚ್ಚಿಸಿ, ಸ್ಟ್ರಿಪ್‌ಗಳ ಫೋಟೋ ವಾಟ್ಸಾಪ್‌ಗೆ ಕಳಿಸಲು ಹೇಳಿ. ಸ್ಟ್ರಿಪ್ಪಿನ ಹಿಂಬದಿ ಬೇಕು ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಹೊಳೆಯುವ ಮುಂಬದಿಯ ಫೋಟೋ ಬರುತ್ತದೆ.

ಪಟ್ಟಿಯನ್ನು ಬ್ರ್ಯಾಂಡ್ ಹೆಸರಿನಲ್ಲಿ ಬರೆಯಬೇಡಿ. ಒಳಗಿನ ಔಷಧಿಯ ಹೆಸರು, ಮಿಲಿಗ್ರಾಂ, ಯಾವ ಹೊತ್ತು, ಕೊನೆಯ ಸಲ ಯಾವಾಗ ತೆಗೆದುಕೊಂಡದ್ದು ಎಂದು ಬರೆಯಿರಿ. ಪ್ರತಿಯೊಂದರ ಎದುರು ಮೂರರಲ್ಲಿ ಒಂದು ಬರಬೇಕು: ಮುಂದುವರಿಸಿ, ನಿಲ್ಲಿಸಿ, ಬದಲಿಸಿ. ಆ ತೀರ್ಮಾನ ಡಾಕ್ಟರದ್ದು. ಅವರು ಬರೆಯುವ ತನಕ ಪಟ್ಟಿ ಕೇಸ್ ಶೀಟಿನ ಮುಂದೆಯೇ ಇರಲಿ.

ಹಂತ 3: ಆದೇಶದ ಪಕ್ಕದಲ್ಲಿ ಮೂರು ಸಂಗತಿ

ಡ್ರಗ್ ಚಾರ್ಟ್ ಓದುವ ಮೊದಲು ಮೂರು ಸಂಗತಿ ಹುಡುಕಿ: ತೂಕ, ಕ್ರಿಯಾಟಿನಿನ್, ಅಲರ್ಜಿ. ಮೂರೂ ಸಿಗದಿದ್ದರೆ ಅದೇ ಮೊದಲ ತಪ್ಪು.

ಅಲರ್ಜಿ ಬೇಗ ಮುಗಿಸೋಣ. ಕೇಸ್ ಶೀಟಿನಲ್ಲಿ ಪೆನಿಸಿಲಿನ್ ಆಗುವುದಿಲ್ಲ ಅಂತ ಬರೆದಿರುತ್ತಾರೆ. ಚಾರ್ಟಿನಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅಥವಾ ಪಿಪರಾಸಿಲಿನ್ ಇರುವ ಯಾವುದೋ ಬ್ರ್ಯಾಂಡ್ ಬಂದಿರುತ್ತದೆ. ಎರಡೂ ಪೆನಿಸಿಲಿನ್ ಗುಂಪಿನವೇ, ಬ್ರ್ಯಾಂಡ್ ಹೆಸರಿನಲ್ಲಿ ಗೊತ್ತಾಗುವುದಿಲ್ಲ. ಅಲರ್ಜಿ ಅಂದರೆ ಏನಾಗಿತ್ತು ಅಂತಲೂ ಕೇಳಿ ಬರೆಯಿರಿ. ಮೈತುಂಬ ದದ್ದು ಎದ್ದು ಉಸಿರು ಕಟ್ಟಿದ್ದು ಬೇರೆ, ಗುಳಿಗೆ ತಿಂದು ಹೊಟ್ಟೆ ತೊಳಸಿದ್ದು ಬೇರೆ.

ಕಿಡ್ನಿಯ ಲೆಕ್ಕಕ್ಕೆ ಸ್ವಲ್ಪ ಹೊತ್ತು ಕೊಡಿ. ಬರಿಯ ಕ್ರಿಯಾಟಿನಿನ್ ಅಂಕಿ ಮೋಸ ಮಾಡುತ್ತದೆ. 78 ವರ್ಷದ ಅಜ್ಜಿ, ತೂಕ 42 ಕಿಲೋ, ಕ್ರಿಯಾಟಿನಿನ್ 1.4. ರಿಪೋರ್ಟ್ ನೋಡಿದವರು "ಸ್ವಲ್ಪ ಜಾಸ್ತಿ" ಅಂತ ಬಿಟ್ಟುಬಿಡುತ್ತಾರೆ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಂದಾಜು ಮಾಡುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಹಾಕಿ ನೋಡಿ. 140ರಿಂದ ವಯಸ್ಸು ಕಳೆದರೆ 62. ಅದನ್ನು ತೂಕದಿಂದ ಗುಣಿಸಿದರೆ 2604. ಕೆಳಗೆ 72 ಗುಣಿಸು 1.4, ಅಂದರೆ 100.8. ಭಾಗಿಸಿದರೆ ಸುಮಾರು 25.8. ಹೆಂಗಸರಿಗೆ 0.85ರಿಂದ ಗುಣಿಸಬೇಕು. ಬಂದದ್ದು ನಿಮಿಷಕ್ಕೆ 22 ಮಿಲಿಲೀಟರ್. ಇದಕ್ಕೇ ಕ್ಲಿಯರೆನ್ಸ್ ಅನ್ನುವುದು.

ಇದು 30ರ ಕೆಳಗೆ. ಈಗ ಚಾರ್ಟ್ ಓದಿದರೆ ಎಲ್ಲವೂ ಬೇರೆ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಾಪರಿನ್ ಚಿಕಿತ್ಸೆಯ ಡೋಸಿನಲ್ಲಿ ಕಿಲೋಗೆ 1 ಮಿಲಿಗ್ರಾಂ ದಿನಕ್ಕೆ ಎರಡು ಸಲ ಇದ್ದದ್ದು ಒಂದು ಸಲಕ್ಕೆ ಇಳಿಯಬೇಕು. ಮೆಟ್‌ಫಾರ್ಮಿನ್ ನಿಲ್ಲಬೇಕು. ಜೆಂಟಾಮೈಸಿನ್, ಡಿಗಾಕ್ಸಿನ್ ಇದ್ದರೆ ಮತ್ತೆ ಲೆಕ್ಕ ಹಾಕಬೇಕು. ಸೊಂಟನೋವಿಗೆ ಅಂತ ಡೈಕ್ಲೋಫೆನಾಕ್ ಸೇರಿದ್ದರೆ ಕೂಡಲೇ ಕೇಳಬೇಕು. ಬಿಪಿಗೆ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಅದರ ಜೊತೆ ಮೂತ್ರ ಹೋಗುವ ಗುಳಿಗೆ, ಅದರ ಮೇಲೆ ನೋವಿನ ಗುಳಿಗೆ. ಈ ಮೂರು ಕೂಡಿದರೆ ಗಟ್ಟಿ ಕಿಡ್ನಿಯೂ ಕೈಕೊಡಬಹುದು.

ತೂಕದ ವಿಷಯ ಮಕ್ಕಳ ವಾರ್ಡಿನದ್ದು. ಪ್ಯಾರಸಿಟಮಾಲ್ ಮಕ್ಕಳಿಗೆ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋದ ಮಗುವಿಗೆ 100ರಿಂದ 150. ಮಾರುಕಟ್ಟೆಯಲ್ಲಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ ಇದೆ, 250 ಇರುವುದೂ ಇದೆ. ಹನಿ ಔಷಧಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ. ಚೀಟಿಯಲ್ಲಿ "5 ಎಂಎಲ್" ಅಂತ ಮಾತ್ರ ಇದ್ದರೆ ಮಗುವಿನ ಹೊಟ್ಟೆಗೆ 120 ಹೋಗಬಹುದು, 250 ಹೋಗಬಹುದು. ಹನಿಯ ಬಾಟಲಿಯಿಂದ ಅಳೆದರೆ 500. ಹಾಗಾಗಿ ಮಕ್ಕಳ ಆದೇಶದಲ್ಲಿ ಮಿಲಿಗ್ರಾಂ ಮತ್ತು ಮಿಲಿಲೀಟರ್ ಎರಡೂ ಇರಬೇಕು. ಇಲ್ಲದಿದ್ದರೆ ಬಾಟಲಿ ಕೊಡುವ ಮೊದಲು ಕೇಳಿ.

ಹಂತ 4: ಕಪಾಟಿನಲ್ಲಿ ಬೇರೆ ಇಡಬೇಕಾದವು

ಕೆಲವು ಔಷಧಿ ತಪ್ಪಿದರೆ ತಿದ್ದಲು ಸಮಯವೇ ಸಿಗುವುದಿಲ್ಲ. ಅವುಗಳಿಗೆ ಕೆಂಪು ಲೇಬಲ್, ಬೇರೆ ಜಾಗ, ಇಬ್ಬರ ತಪಾಸಣೆ.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ವಾರ್ಡಿನ ಟ್ರೇಯಲ್ಲಿ ಇರಲೇಬಾರದು. ಶೇ. 15ರ 10 ಮಿಲಿಲೀಟರ್ ಆಂಪೂಲಿನಲ್ಲಿ ಸುಮಾರು 20 ಮಿಲಿಈಕ್ವಿವಲೆಂಟ್ ಇರುತ್ತದೆ. ಸಲೈನಿನಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಬೇಕಾದಾಗ ಫಾರ್ಮಸಿಯಿಂದ ಕೊಡಿ.

ಇನ್ಸುಲಿನ್ನಿನ ಕಥೆ ನಮ್ಮ ದೇಶದಲ್ಲಿ ಸ್ವಲ್ಪ ಬೇರೆ. ನಮ್ಮಲ್ಲಿ ವಯಲ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಜ್ 100 ಯೂನಿಟ್. 100ರ ವಯಲ್ ಕೂಡ ಸಿಗುತ್ತದೆ. ಸಿರಿಂಜೂ ಎರಡು ತರ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆ ತನಕ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ವಯಲ್ ಕೊಡುವಾಗ ಹೊಂದುವ ಸಿರಿಂಜನ್ನೂ ಒಟ್ಟಿಗೇ ಕೊಟ್ಟರೆ ಈ ತಪ್ಪಿಗೆ ಜಾಗವೇ ಇರುವುದಿಲ್ಲ. ಯೂನಿಟ್ ಅನ್ನುವುದಕ್ಕೆ ಇಂಗ್ಲಿಷಿನ ಯು ಅಕ್ಷರ ಒಂದನ್ನೇ ಬರೆಯಬೇಡಿ ಅಂತ ಡಾಕ್ಟರಿಗೂ ಹೇಳಿ. ಅದು ಸೊನ್ನೆಯಂತೆ ಕಂಡು 10 ಹೋಗಿ 100 ಆಗುತ್ತದೆ.

ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ವಾರಕ್ಕೆ ಒಂದೇ ದಿನ. ದಿನಾಲೂ ಹೋದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಕುತ್ತು. ಚಾರ್ಟಿನಲ್ಲಿ ವಾರದ ಹೆಸರು ಇಲ್ಲದೆ ಈ ಔಷಧಿ ಕೊಡಬೇಡಿ. "ಭಾನುವಾರ ಮಾತ್ರ" ಅಂತ ಬರೆಸಿ, ಉಳಿದ ಆರು ದಿನದ ಖಾನೆಗೆ ಗೀಟು ಹಾಕಿಸಿ. 2.5 ಮತ್ತು 10 ಮಿಲಿಗ್ರಾಂ ಎರಡೂ ಇಟ್ಟುಕೊಳ್ಳುವ ಬದಲು 2.5 ಒಂದೇ ಇಟ್ಟರೆ ಒಳ್ಳೆಯದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್‌ಫರಿನ್ ಇದ್ದರೆ ಹೊಸದಾಗಿ ಏನು ಸೇರಿದರೂ ಅನುಮಾನದಿಂದ ನೋಡಿ. ಮೆಟ್ರೊನಿಡಜೋಲ್, ಕೊ-ಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಸೇರಿದರೆ ರಕ್ತ ತೆಳುವಾಗುವುದು ಹೆಚ್ಚುತ್ತದೆ. ರಿಫಾಂಪಿಸಿನ್ ಸೇರಿದರೆ ವಾರ್‌ಫರಿನ್ ಕೆಲಸವೇ ಮಾಡದ ಹಾಗೆ ಆಗುತ್ತದೆ.

ಹಂತ 5: ಅಕ್ಷರ, ಸೊನ್ನೆ, ಹೆಸರು

ಡಾಕ್ಟರ ಅಕ್ಷರದ ಬಗ್ಗೆ ಜೋಕುಗಳು ಬೇಕಾದಷ್ಟಿವೆ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಜೆನೆರಿಕ್ ಹೆಸರನ್ನು ಓದುವ ಹಾಗೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮಕ್ಕೆ ತಿದ್ದುಪಡಿ ತಂದಿತು. 1 ಮಿಲಿಗ್ರಾಂಗೆ 1.0 ಬರೆದರೆ 10 ಆಗುತ್ತದೆ. ಮುಂದೆ ಸೊನ್ನೆ ಇಲ್ಲದೆ .5 ಬರೆದರೆ 5 ಆಗುತ್ತದೆ. ಥೈರಾಕ್ಸಿನ್ ಮೈಕ್ರೋಗ್ರಾಂನಲ್ಲಿ, ಬೇರೆ ಹೆಚ್ಚಿನವು ಮಿಲಿಗ್ರಾಂನಲ್ಲಿ. ಸಕ್ಕರೆ ಕಾಯಿಲೆಯ ಗುಳಿಗೆಗಳಲ್ಲಿ ಗ್ಲೈಕೊಮೆಟ್ ಬೇರೆ, ಗ್ಲೈಕೊಮೆಟ್ ಜಿಪಿ ಬೇರೆ. ಎರಡನೆಯದರಲ್ಲಿ ಗ್ಲಿಮೆಪಿರೈಡ್ ಸೇರಿದೆ, ಊಟ ಬಿಟ್ಟ ರೋಗಿಯ ಸಕ್ಕರೆ ಕುಸಿಯುತ್ತದೆ. ಕಾರ್ಬಮಜೆಪಿನ್ ಮತ್ತು ಕಾರ್ಬಿಮಜೋಲ್ ಅಕ್ಕಪಕ್ಕದ ಖಾನೆಯಲ್ಲಿ ಇಡಬೇಡಿ. ಒಂದು ಅಪಸ್ಮಾರಕ್ಕೆ, ಇನ್ನೊಂದು ಥೈರಾಯ್ಡ್‌ಗೆ.

ಓದಲು ಬಾರದಿದ್ದರೆ ಊಹೆ ಮಾಡಬೇಡಿ. ಶೆಡ್ಯೂಲ್ ಎಚ್ ಔಷಧಿಯ (ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು) ಬದಲಿಗೆ ನೀವಾಗಿಯೇ ಇನ್ನೊಂದು ಕೊಡುವಂತಿಲ್ಲ, ಕಾನೂನೂ ಅದನ್ನೇ ಹೇಳುತ್ತದೆ.

ಹಂತ 6: ಡಾಕ್ಟರಿಗೆ ಹೇಳುವುದು

ತಪ್ಪು ಹಿಡಿಯುವುದು ಸುಲಭ, ಹೇಳುವುದು ಕಷ್ಟ. ನಮ್ಮ ಕಡೆ ಡಾಕ್ಟರಿಗೆ ಎದುರು ಮಾತಾಡುವ ರೂಢಿ ಇಲ್ಲ. ಹಾಗಂತ ಸಿಸ್ಟರ್ ಹತ್ತಿರ ಹೇಳಿ ಕಳಿಸಿದರೆ ಅದು ಅರ್ಧ ದಾರಿಯಲ್ಲೇ ಬೇರೆ ಆಗಿರುತ್ತದೆ. ನೀವೇ ಹೇಳಿ. ರೋಗಿಯ, ಬೇರೆ ಡಾಕ್ಟರರ ಎದುರು ಬೇಡ. ಯಾರು ಬರೆದರು ಅನ್ನುವುದು ಬೇಡ. ಯಾವ ರೋಗಿ, ಏನು ಬರೆದಿದೆ, ಏನು ತೊಂದರೆ, ಏನು ಮಾಡಬಹುದು. ನಾಲ್ಕು ಮಾತು.

"ನಮಸ್ಕಾರ ಸರ್, ಫಾರ್ಮಸಿಯಿಂದ. ಫೀಮೇಲ್ ವಾರ್ಡ್ 6ನೇ ಬೆಡ್ಡಿನ ಅಜ್ಜಿ. ಎನಾಕ್ಸಾಪರಿನ್ 40 ದಿನಕ್ಕೆ ಎರಡು ಸಲ ಅಂತ ಇದೆ. ತೂಕ 42, ಕ್ರಿಯಾಟಿನಿನ್ 1.4. ಲೆಕ್ಕ ಹಾಕಿದ್ರೆ ಕ್ಲಿಯರೆನ್ಸ್ 22 ಬರ್ತದೆ. ಒಂದೇ ಸಲಕ್ಕೆ ಇಳಿಸೋಣ್ವಾ ಸರ್?"

ಅಂಕಿ ಇಟ್ಟುಕೊಂಡು ಮಾತಾಡಿದರೆ ಹೆಚ್ಚಿನ ಡಾಕ್ಟರು ಸಿಟ್ಟಾಗುವುದಿಲ್ಲ. "ಹೌದಲ್ವಾ, ಬದಲಿಸಿ" ಅನ್ನುತ್ತಾರೆ. ಫೋನಿನಲ್ಲಿ ಹೇಳಿದ್ದನ್ನು ತಿರುಗಿ ಓದಿ ಹೇಳಿ. "ಹದಿನೈದು" ಮತ್ತು "ಐವತ್ತು" ಇಂಗ್ಲಿಷಿನಲ್ಲಿ ಒಂದೇ ತರ ಕೇಳುತ್ತವೆ, ಒಂದು ಐದು, ಐದು ಸೊನ್ನೆ ಅಂತ ಬಿಡಿಸಿ ಹೇಳಿ. ಚಾರ್ಟಿನಲ್ಲಿ ತಿದ್ದಿ ಸಹಿ ಮಾಡಬೇಕಾದವರು ಡಾಕ್ಟರೇ.

ಕೆಲವೊಮ್ಮೆ ಅವರು ಗೊತ್ತಿದ್ದೇ ಬರೆದಿರುತ್ತಾರೆ. ಕಾರಣ ಹೇಳಿದರೆ ಕೇಸ್ ಶೀಟಿನಲ್ಲಿ ಅದನ್ನು ಬರೆಯಲು ಕೇಳಿ, ಅಲ್ಲಿಗೆ ಮುಗಿಯಿತು. ಕಾರಣವೂ ಇಲ್ಲ, ಅಪಾಯವೂ ದೊಡ್ಡದು ಅಂದರೆ ಔಷಧಿ ಕೊಡದೆ ತಡೆದು ಹಿರಿಯ ಕನ್ಸಲ್ಟೆಂಟ್ ಹತ್ತಿರ ಹೋಗಿ. ಎಲ್ಲದಕ್ಕೂ ಹೀಗೆ ಮಾಡಿದರೆ ನಿಮ್ಮ ಫೋನನ್ನು ಯಾರೂ ಎತ್ತುವುದಿಲ್ಲ. ವಿಟಮಿನ್ ಗುಳಿಗೆಯ ಹೊತ್ತು ಹಿಂದುಮುಂದಾದದ್ದನ್ನು ಸಂಜೆ ಒಟ್ಟಿಗೆ ಹೇಳಿದರೆ ಸಾಕು.

ಹಂತ 7: ಜ್ವರದ ಕಾಲದಲ್ಲಿ

ಮಳೆಗಾಲದಲ್ಲಿ ಇಲಿಜ್ವರ, ಡೆಂಗ್ಯೂ. ಡಿಸೆಂಬರಿನಿಂದ ಮೇ ತನಕ ಸಿದ್ದಾಪುರ, ಶಿರಸಿ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ. ವಾರ್ಡ್ ತುಂಬಿ ವರಾಂಡದಲ್ಲೂ ಮಂಚ ಹಾಕಿದಾಗ ಚೀಟಿ ಬರೆಯುವ ಕೈ ಓಡುತ್ತದೆ, ರೂಢಿಯ ಔಷಧಿಯೇ ಬೀಳುತ್ತದೆ.

ಡೆಂಗ್ಯೂ, ಮಂಗನ ಕಾಯಿಲೆ ಎರಡರಲ್ಲೂ ಪ್ಲೇಟ್ಲೆಟ್ ಇಳಿಯಬಹುದು, ರಕ್ತಸ್ರಾವ ಆಗಬಹುದು. ಮೈಕೈ ನೋವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್, ಐಬುಪ್ರೊಫೆನ್ ಬರೆದಿದ್ದರೆ ಕೇಳಿ. ದಿನಾಲೂ ಆಸ್ಪಿರಿನ್ ತೆಗೆದುಕೊಳ್ಳುವ ಹೃದ್ರೋಗಿಗೆ ಡೆಂಗ್ಯೂ ಬಂದರೆ ಮುಂದುವರಿಸುವುದೋ ಬಿಡುವುದೋ ಅಂತ ಡಾಕ್ಟರೇ ತೀರ್ಮಾನಿಸಿ ಬರೆಯಬೇಕು. ಪ್ಯಾರಸಿಟಮಾಲ್ ಸರಿ, ಆದರೆ ಒಟ್ಟು ಎಷ್ಟಾಯಿತು ನೋಡಿ. ಗುಳಿಗೆ, ಡ್ರಿಪ್, ನೆಗಡಿಯ ಗುಳಿಗೆಯ ಒಳಗಿನದ್ದು ಎಲ್ಲ ಸೇರಿ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು. ಸಣಕಲು ಮೈಯವರಿಗೆ, ಲಿವರ್ ತೊಂದರೆಯವರಿಗೆ ಇನ್ನೂ ಕಡಿಮೆ.

ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಅದೇ ಹೊತ್ತಿಗೆ ಗ್ಯಾಸಿನ ಆಂಟಾಸಿಡ್, ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಚಾರ್ಟಿನಲ್ಲಿ ಎರಡು ಗಂಟೆಯಾದರೂ ಅಂತರ ಮಾಡಿಸಿ.

ಹಂತ 8: ಮನೆಗೆ ಕಳಿಸುವಾಗ

ದಾಖಲಾದಾಗ ಮಾಡಿದ ಪಟ್ಟಿಯನ್ನು ಮತ್ತೆ ತೆಗೆಯಿರಿ. ಡಿಸ್ಚಾರ್ಜ್ ಚೀಟಿಯ ಪಕ್ಕ ಇಟ್ಟು ಓದಿ. ನಿಲ್ಲಿಸಿದ ಔಷಧಿ ಯಾವುದು ಅಂತ ಚೀಟಿಯಲ್ಲಿ ಬರೆದಿರಬೇಕು. ಹೊಸದನ್ನು ಮಾತ್ರ ಬರೆದರೆ ರೋಗಿ ಮನೆಗೆ ಹೋಗಿ ಹಳೆಯದು, ಹೊಸದು ಎರಡನ್ನೂ ನುಂಗುತ್ತಾರೆ. ನಿಂತ ಔಷಧಿಯ ಸ್ಟ್ರಿಪ್ಪನ್ನು ಚೀಲದಿಂದ ತೆಗೆದು ಮನೆಯವರ ಕೈಗೆ ಬೇರೆಯಾಗಿ ಕೊಟ್ಟು ಹೇಳಿ.

ಭಾಷೆ ನೋಡಿಕೊಳ್ಳಿ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಯಲ್ಲಾಪುರದ ಗೌಳಿಗರಿಗೆ ಮರಾಠಿ ಸಲೀಸು. ಇಂಗ್ಲಿಷಿನಲ್ಲಿ 1-0-1 ಬರೆದ ಚೀಟಿ ಓದು ಬಾರದವರಿಗೆ ಏನೂ ಹೇಳುವುದಿಲ್ಲ. ಸೂರ್ಯ, ಚಂದ್ರನ ಚಿತ್ರ ಬರೆದ ಕವರ್ ಸಾಕು. ಹೇಳಿದ ಮೇಲೆ "ಈಗ ನೀವು ನನಗೆ ಹೇಳಿ" ಅಂತ ಅವರ ಬಾಯಿಂದ ಕೇಳಿ.

ಕೆಲಸ ಏನು ಅಂತಲೂ ಕೇಳಿ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಬೋಟ್ ಹತ್ತುವವರು ದಿನಗಟ್ಟಲೆ ಕಡಲಲ್ಲೇ ಇರುತ್ತಾರೆ. ಇನ್ಸುಲಿನ್ ಕೆಡಬಾರದು ಅಂತ ಮೀನಿನ ಐಸಿನ ಒಳಗೆ ಹುಗಿದಿಟ್ಟರೆ ಅದು ಹೆಪ್ಪುಗಟ್ಟಿ ಹಾಳಾಗುತ್ತದೆ. ಬಳಸಲು ಶುರು ಮಾಡಿದ ವಯಲ್ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ ಅಂತ ಹೇಳಿ ಕಳಿಸಿ. ದಿನಕ್ಕೆ ನಾಲ್ಕು ಸಲದ ಗುಳಿಗೆ ಬಲೆ ಎಳೆಯುವವರಿಂದ ಆಗುವ ಕೆಲಸವಲ್ಲ, ಎರಡು ಸಲಕ್ಕೆ ಆಗುವ ಬದಲಿ ಇದೆಯಾ ಅಂತ ಡಾಕ್ಟರಿಗೆ ಕೇಳಿ.

ಹಂತ 9: ಬರೆದಿಡುವುದು

ಒಂದು ಉದ್ದ ನೋಟ್‌ಬುಕ್ ಸಾಕು. ತಾರೀಕು, ವಾರ್ಡ್, ಔಷಧಿ, ಏನು ತಪ್ಪು, ರೋಗಿಗೆ ತಲುಪಿತ್ತೋ ಇಲ್ಲವೋ, ಏನಾಯಿತು. ಡಾಕ್ಟರ ಹೆಸರಿನ ಕಾಲಂ ಇಡಬೇಡಿ. ಅದೊಂದು ಕಾಲಂ ಇದ್ದರೆ ನೋಟ್‌ಬುಕ್ ದೂರಿನ ಪುಸ್ತಕ ಆಗುತ್ತದೆ, ಯಾರೂ ಏನೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಮೇಲಿನ ಮೂರು ತಪ್ಪುಗಳನ್ನು ಮೀಟಿಂಗಿನಲ್ಲಿ ಇಡಿ. ಒಂದೇ ತಪ್ಪು ಮತ್ತೆ ಮತ್ತೆ ಬರುತ್ತಿದ್ದರೆ ಬದಲಿಸಬೇಕಾದದ್ದು ಚಾರ್ಟಿನ ನಮೂನೆ ಅಥವಾ ಕಪಾಟು.

ಔಷಧಿಯಿಂದಲೇ ಅಡ್ಡಪರಿಣಾಮ ಆಗಿದ್ದರೆ ಅದನ್ನು ಬೇರೆಯಾಗಿ ವರದಿ ಮಾಡಬೇಕು. 2010ರಲ್ಲಿ ಶುರುವಾದ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮಕ್ಕೆ 1800-180-3024ಕ್ಕೆ ಉಚಿತವಾಗಿ ಫೋನ್ ಮಾಡಿ ತಿಳಿಸಬಹುದು. ಡಾಕ್ಟರೇ ಮಾಡಬೇಕೆಂದೇನಿಲ್ಲ, ಫಾರ್ಮಸಿಸ್ಟ್, ಸಿಸ್ಟರ್ ಯಾರಾದರೂ ಮಾಡಬಹುದು.

ಒಬ್ಬರೇ ಇದ್ದರೆ

ಕಿಟಕಿ ಮುಚ್ಚಿ ಹೋಗಲು ಆಗುವುದಿಲ್ಲ, ಸಾಲು ನಿಂತಿರುತ್ತದೆ ಅನ್ನುವುದು ನಿಜ. ಹಾಗಿದ್ದರೆ ಎಲ್ಲ ರೋಗಿಗಳನ್ನೂ ನೋಡಬೇಡಿ. 65 ದಾಟಿದವರು, ಐದಕ್ಕಿಂತ ಜಾಸ್ತಿ ಔಷಧಿ ಇರುವವರು, ಇನ್ಸುಲಿನ್ ಅಥವಾ ವಾರ್‌ಫರಿನ್ ಇರುವವರು, ಬೇರೆ ಊರಿನ ಆಸ್ಪತ್ರೆಯಿಂದ ಬಂದವರು, ಇಷ್ಟೇ. ಬೆಳಿಗ್ಗೆ ಸಿಸ್ಟರ್ ಇಂಡೆಂಟ್ ಪುಸ್ತಕ ಕಳಿಸುವಾಗ ಇಂಥವರ ಬೆಡ್ ನಂಬರಿಗೆ ಒಂದು ಸುತ್ತು ಹಾಕಿ ಕಳಿಸಲಿ. ಮಧ್ಯಾಹ್ನ ಓಪಿಡಿ ಸಾಲು ಕರಗಿದ ಮೇಲೆ ಆ ನಾಲ್ಕೈದು ಮಂಚಗಳಿಗೆ ಹೋಗಿ ಬನ್ನಿ. ಅಲ್ಲೂ ಸಮಯ ಸಾಲದಿದ್ದರೆ ನಿನ್ನೆ ರಾತ್ರಿ ದಾಖಲಾದವರಿಂದ ಶುರು ಮಾಡಿ.